ಮಾತು ಮೆತ್ತಗೆ, ಹೊಡೆದಾಟ ಜೋರು: ಸ್ಪೀಕರ್ ಬದಲಿಸಬೇಕೆ?

ಪ್ರಶ್ನೆ: ಹುಬ್ಬಳ್ಳಿಯ ವಿದ್ಯಾನಗರದಲ್ಲಿ ನಮ್ಮದು ಮೊದಲ ಮಹಡಿಯ ಮನೆ. ಹಾಲ್ 16 ಅಡಿ ಉದ್ದ, 12 ಅಡಿ ಅಗಲ, 10 ಅಡಿ ಎತ್ತರ. ನೆಲಕ್ಕೆ ವಿಟ್ರಿಫೈಡ್ ಟೈಲ್ಸ್. ದೀಪಾವಳಿಗೆ 5.1 ರಿಸೀವರ್ (ಟಿವಿಯ ಸದ್ದನ್ನು ಪಡೆದು ಸ್ಪೀಕರುಗಳಿಗೆ ಹಂಚುವ ಪೆಟ್ಟಿಗೆ) ಮತ್ತು ಸ್ಪೀಕರ್ ಸೆಟ್ ತಂದೆವು. ಟಿವಿಯ ಎರಡೂ ಮಗ್ಗುಲಿಗೆ ಟವರ್ ಸ್ಪೀಕರ್, ಸೆಂಟರ್ ಸ್ಪೀಕರ್ ಟಿವಿ ಕೆಳಗಿನ ಶೋಕೇಸಿನ ಗೂಡಿನಲ್ಲಿ, ಸಬ್‌ವೂಫರ್ (ಕೆಳಸ್ವರದ ಸ್ಪೀಕರ್) ಮುಂದಿನ ಮೂಲೆಯಲ್ಲಿ, ಸರೌಂಡ್ ಸ್ಪೀಕರ್ ಎರಡೂ ಹಿಂದಿನ ಮೂಲೆಗಳಲ್ಲಿ ಸೀಲಿಂಗಿನ ಹತ್ತಿರ. ಸೋಫಾ ಹಿಂದಿನ ಗೋಡೆಗೆ ಹತ್ತಿಕೊಂಡಿದೆ. ಸಿನಿಮಾದಲ್ಲಿ ಮಾತು ತಿಳಿಯುವುದಿಲ್ಲವೆಂದು ವಾಲ್ಯೂಮ್ ಏರಿಸುತ್ತೇವೆ, ಹೊಡೆದಾಟ ಬಂದ ಕೂಡಲೇ ಅವ್ವ ಬೆಚ್ಚಿಬೀಳುತ್ತಾಳೆ. ಮೇಲಿನ ಮನೆಯವರು ಈಗಾಗಲೇ ಇಳಿದು ಬಂದು ಹೇಳಿ ಹೋಗಿದ್ದಾರೆ. ಜೋಡಿಸಲು ಬಂದ ಹುಡುಗರು ಹಿಂದಿನ ಸ್ಪೀಕರುಗಳಿಂದಲೂ ಮಾತು ಚೆನ್ನಾಗಿ ಕೇಳಿಸುವ ಹಾಗೆ ಮಾಡಿಕೊಟ್ಟಿದ್ದಾರೆ. ಜೊತೆಗೆ ಬಂದ ಮೈಕ್ ಇಟ್ಟು ನಾನೇ ಆಟೋ ಸೆಟಪ್ ಮಾಡಿದೆ, ಅಂದರೆ ರಿಸೀವರ್ ತಾನೇ ಅಳೆದು ಹೊಂದಿಸಿಕೊಳ್ಳುವಂತೆ ಬಿಟ್ಟೆ. ಸೋಫಾದಿಂದ 14 ಅಡಿ, ಅಂದರೆ ಸುಮಾರು 4.3 ಮೀಟರ್ ದೂರವಿರುವ ಸಬ್‌ವೂಫರನ್ನು ಅದು 6.7 ಮೀಟರ್ ಎಂದು ತೋರಿಸಿತು. ಟವರುಗಳನ್ನು ‘ಲಾರ್ಜ್’ ಎಂದಿತು. ನಂಬಿಕೆ ಹೋಗಿ ಎಲ್ಲವನ್ನೂ ಅಳಿಸಿಬಿಟ್ಟೆ. ದೊಡ್ಡ ಸೆಂಟರ್ ಸ್ಪೀಕರ್, ಹೆಚ್ಚು ವ್ಯಾಟಿನ ಆಂಪ್ಲಿಫೈಯರ್ ಬೇಕು ಎಂದು ಅಂಗಡಿಯವರು ಹೇಳುತ್ತಾರೆ. ಗೋಡೆಗೆ ಮೊಟ್ಟೆ ಟ್ರೇ ಹೊಡೆಯಿರಿ ಎಂದು ಗೆಳೆಯರು ಹೇಳುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಯಾರ ಮಾತನ್ನೂ ಕೇಳಬೇಡಿ, ಏನನ್ನೂ ಕೊಳ್ಳಬೇಡಿ. ಮಾತಿಗೆಂದು ಏರಿಸಿದರೆ ಗದ್ದಲ ತಡೆಯಲಾಗದು, ಗದ್ದಲಕ್ಕೆ ಹೆದರಿ ಇಳಿಸಿದರೆ ಮಾತು ಮುಳುಗುತ್ತದೆ. ನಿಮ್ಮ ತಾಪತ್ರಯ ಇಷ್ಟೇ. ಹುಬ್ಬಳ್ಳಿ, ಧಾರವಾಡ, ಗದಗ ಎಂದು ನಾನು ಸ್ಪೀಕರ್ ಹೊಂದಿಸಲು ಹೋಗುವ ಮನೆಗಳಲ್ಲಿ ಅತಿ ಹೆಚ್ಚು ಕೇಳಿಬರುವ ದೂರೂ ಇದೇ. ಸ್ಪೀಕರೇ ಕೆಟ್ಟದ್ದು ಎಂದು ಹೇಳಿ ಎದ್ದು ಬರಬೇಕಾದ ಮನೆಗಳು ಬಲು ಕಡಿಮೆ. ಮೊದಲು ರಿಸೀವರಿಗೆ ಏನು ಬಂದು ಮುಟ್ಟುತ್ತಿದೆ ಎಂಬುದನ್ನು ನೋಡಬೇಕು, ಆಮೇಲೆ ಹಾಲನ್ನು, ಕೊನೆಗೆ ಸೆಟ್ಟಿಂಗುಗಳನ್ನು. ಹೆಚ್ಚಿನವರು ಇದನ್ನು ತಿರುವುಮುರುವು ಮಾಡುತ್ತಾರೆ, ರಿಮೋಟಿನಿಂದ ಶುರುಮಾಡಿ ರಿಮೋಟಿನಲ್ಲೇ ಸುಸ್ತಾಗುತ್ತಾರೆ.

ನೀವು ತೊಂದರೆ ಎಂದು ಬರೆಯದೆ ಮೆಚ್ಚಿಕೊಂಡು ಬರೆದ ಒಂದು ವಾಕ್ಯ ನನ್ನ ಕಣ್ಣಿಗೆ ಬಿತ್ತು: ಹಿಂದಿನ ಸ್ಪೀಕರುಗಳಿಂದಲೂ ಮಾತು ಚೆನ್ನಾಗಿ ಕೇಳಿಸುತ್ತದೆ ಎಂಬುದು. ನಾನಾದರೆ ಮೊದಲು ಕೈ ಹಾಕುವುದು ಅಲ್ಲಿಗೇ. 5.1 ಎಂದರೆ ಬೇರೆ ಬೇರೆಯಾಗಿ ಮುದ್ರಿಸಿದ ಆರು ಜಾಡುಗಳು. ಸಿನಿಮಾದವರು ಮಾತಿನ ಬಹುಪಾಲನ್ನು ನಡುವಿನ ಜಾಡಿನಲ್ಲಿ, ಅಂದರೆ ಸೆಂಟರ್ ಸ್ಪೀಕರಿನಲ್ಲಿ ಕೂರಿಸಿರುತ್ತಾರೆ. ಹಿಂದಿನ ಎರಡರ ಪಾಲಿಗೆ ಮಳೆ, ಜಾತ್ರೆಯ ಗಲಾಟೆ, ಹಾದುಹೋಗುವ ಗಾಡಿ, ಹಾಡಿನ ಒಂದಿಷ್ಟು ಗುಂಗು. ಇಬ್ಬರು ಕೂತು ಮಾತನಾಡುವ ದೃಶ್ಯದಲ್ಲಿ ಅವು ಹೆಚ್ಚುಕಡಿಮೆ ಸುಮ್ಮನಿರುತ್ತವೆ, ಇರಲೂ ಬೇಕು. ಆದರೆ ಹೊಸ ಸೆಟ್ಟಿಗೆ ಹಣ ಕೊಟ್ಟ ಗಿರಾಕಿ ‘ಹಿಂದಿನದು ಬರುತ್ತಲೇ ಇಲ್ಲ’ ಎಂದು ಫೋನ್ ಮಾಡುತ್ತಾನೆ. ಆ ಫೋನಿಗೆ ಹೆದರಿ ಜೋಡಿಸುವ ಹುಡುಗರು ರಿಸೀವರನ್ನು ‘ಆಲ್ ಚಾನೆಲ್ ಸ್ಟೀರಿಯೊ’ ಅಥವಾ ‘ಮಲ್ಟಿ ಚಾನೆಲ್ ಸ್ಟೀರಿಯೊ’ ಎಂಬ ಬಗೆಗೆ ಹಾಕಿ ಹೋಗುತ್ತಾರೆ. ಮನೆಯಲ್ಲಿ ನಾಮಕರಣವಿದ್ದು ಎಲ್ಲ ಕಡೆಗೂ ಹಾಡು ಕೇಳಿಸಬೇಕೆಂದರೆ ಅದು ಒಳ್ಳೆಯದೇ. ಸಿನಿಮಾ ನೋಡುವಾಗ ಅದೇ ಮಾತು ಐದು ದೂರಗಳಿಂದ ಐದು ಗಳಿಗೆಯಲ್ಲಿ ಕಿವಿಗೆ ಬಂದು, ಚ, ತ, ಸ, ಶ ಎಂಬ ಅಕ್ಷರಗಳ ಅಂಚು ಮಾಸಿಹೋಗುತ್ತದೆ. ಮಾತು ಜೋರಾಗಿಯೇ ಇರುತ್ತದೆ, ಏನು ಹೇಳಿದರೆಂಬುದು ಮಾತ್ರ ತಿಳಿಯುವುದಿಲ್ಲ.

ಹೀಗಾಗಿ ಮೊದಲು ಆ ಬಗೆಯನ್ನು ತೆಗೆಯಿರಿ. ಆಮೇಲೆ ಒಂದು ಸಿನಿಮಾ ಹಾಕಿ, ರಿಸೀವರಿನ ಮುಖದ ಮೇಲೆ ಯಾವ ಅಕ್ಷರ ಮೂಡುತ್ತದೆ ಎಂಬುದನ್ನು ಓದಿ. ‘ಡಾಲ್ಬಿ ಡಿಜಿಟಲ್’, ‘ಡಾಲ್ಬಿ ಡಿಜಿಟಲ್ ಪ್ಲಸ್’ ಅಥವಾ ‘ಡಿಟಿಎಸ್’ ಎಂದಿದ್ದರೆ ಬಹುಮಟ್ಟಿಗೆ ಸರಿಯಾದದ್ದೇ ಬರುತ್ತಿದೆ. ‘ಪಿಸಿಎಂ’ ಎಂದು ತೋರಿಸಿ ಎರಡೇ ಚಾನೆಲ್ ಗುರುತು ಉರಿಯುತ್ತಿದ್ದರೆ, ನಿಮ್ಮ ಟಿವಿ ಆರು ಜಾಡನ್ನು ಎರಡಕ್ಕೆ ಇಳಿಸಿ ಕಳಿಸುತ್ತಿದೆ ಎಂದರ್ಥ. ಟಿವಿಯ ಆಡಿಯೊ ಸೆಟ್ಟಿಂಗಿನಲ್ಲಿ ಡಿಜಿಟಲ್ ಔಟ್‌ಪುಟ್ ಎಂಬಲ್ಲಿ ‘ಪಿಸಿಎಂ’ ತೆಗೆದು ‘ಆಟೋ’, ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್ ಥ್ರೂ’ ಆರಿಸಿ. ಕಂಪನಿಗೊಂದು ಹೆಸರು, ಕೆಲಸ ಒಂದೇ. ಎಚ್‌ಡಿಎಂಐ ಕೇಬಲ್ ಟಿವಿಯ ಕಡೆಗೂ ರಿಸೀವರಿನ ಕಡೆಗೂ ‘ಎಆರ್‌ಸಿ’ ಅಥವಾ ‘ಇಎಆರ್‌ಸಿ’ ಎಂದು ಬರೆದ ಕಿಂಡಿಯಲ್ಲೇ ಇರಬೇಕು. ಆಪ್‌ನಲ್ಲಿ ಭಾಷೆ ಆರಿಸುವ ಪಟ್ಟಿಯಲ್ಲಿ ಕನ್ನಡದ ಪಕ್ಕ 5.1 ಎಂಬ ಗುರುತಿದೆಯೇ ಎಂಬುದನ್ನೂ ಗಮನಿಸಿ. ಕೆಲವು ಚಿತ್ರಗಳಿಗೆ ಎರಡೇ ಜಾಡು ಕೊಟ್ಟಿರುತ್ತಾರೆ, ಕಪ್ಪು-ಬಿಳುಪು ಕಾಲದ ಚಿತ್ರಗಳಿಗೆ ಮೂಲದಲ್ಲೇ ಒಂದು ಜಾಡು. ಅಂಥವಕ್ಕೂ ಸೆಟ್‌ಟಾಪ್ ಬಾಕ್ಸಿನ ಚಾನೆಲುಗಳಿಗೂ ರಿಸೀವರಿನಲ್ಲಿ ‘ಡಾಲ್ಬಿ ಸರೌಂಡ್’ ಇಟ್ಟುಕೊಂಡರೆ, ಎಡ-ಬಲ ಎರಡರಲ್ಲೂ ಸಮನಾಗಿರುವ ಮಾತನ್ನು ಅದು ಹೆಕ್ಕಿ ಸೆಂಟರಿಗೆ ಕೊಡುತ್ತದೆ.

ಇಷ್ಟು ಮಾಡಿದ ದಿನ ಹಿಂದಿನ ಸ್ಪೀಕರು ಸತ್ತುಹೋದಂತೆ ಅನಿಸುತ್ತದೆ. ಒಂದು ವಾರ ತಡೆದುಕೊಳ್ಳಿ.

ಇನ್ನು ಹಾಲ್. ಬಾಗಿಲು ಮುಚ್ಚಿ, ಫ್ಯಾನ್ ಆರಿಸಿ, ನಡುವೆ ನಿಂತು ಒಂದೇ ಒಂದು ಚಪ್ಪಾಳೆ ತಟ್ಟಿ. ಚಪ್ಪಾಳೆಯ ಹಿಂದೆ ‘ಟ್ರಿಣ್’ ಎಂದು ತಂತಿ ಮಿಡಿದಂಥ ಬಾಲವೊಂದು ಉಳಿದರೆ, ಎದುರುಬದುರಿನ ಬೋಳು ಗೋಡೆಗಳು ಸದ್ದನ್ನು ಹಿಂದಕ್ಕೂ ಮುಂದಕ್ಕೂ ಎಸೆದಾಡುತ್ತಿವೆ ಎಂದು ತಿಳಿಯಿರಿ. ಧಾರವಾಡದ ಹಳೆಯ ಜಂತಿ ಮಾಳಿಗೆಯ, ಮಣ್ಣಿನ ಗೋಡೆಯ ಪಡಸಾಲೆಗಳಲ್ಲಿ ಈ ಕಾಟ ಕಡಿಮೆ. ಆರ್‌ಸಿಸಿ ಚಾವಣಿ, ಟೈಲ್ಸ್, ದೊಡ್ಡ ಗಾಜಿನ ಕಿಟಕಿ ಮೂರೂ ಕೂಡಿದ ಹೊಸ ಹಾಲುಗಳಲ್ಲಿ ಇದು ಇದ್ದೇ ಇರುತ್ತದೆ. ಮಾತು ತಿಳಿಯುವುದು ಮುಖ್ಯವಾಗಿ 2,000ದಿಂದ 4,000 ಹರ್ಟ್ಸ್ ಸುತ್ತಲಿನ ವ್ಯಂಜನಗಳಿಂದ. ಬೋಳು ಹಾಲ್ ಕೆಡಿಸುವುದೂ ಅವನ್ನೇ.

ಇದಕ್ಕೆ ಅಂಗಡಿಯ ಫೋಮ್ ಫಲಕಗಳೇ ಆಗಬೇಕೆಂದಿಲ್ಲ. ನವಲಗುಂದದ ಜಮಖಾನೆ ಇದ್ದರೆ ಟಿವಿಗೂ ಸೋಫಾಕ್ಕೂ ನಡುವೆ ಹಾಸಿ. ಅದು ಹತ್ತಿಯ ತೆಳು ನೇಯ್ಗೆ, ಒಂಟಿಯಾಗಿ ಹಾಸಿದರೆ ತೀರ ಮೇಲಿನ ಚುರುಕು ಸದ್ದನ್ನಷ್ಟೇ ತುಸು ತಗ್ಗಿಸುತ್ತದೆ. ಅದರ ಕೆಳಗೆ ದಪ್ಪನೆಯ ಕೌದಿಯೊಂದು ಬಿದ್ದರೆ ಮಾತಿನ ಭಾಗಕ್ಕೂ ಗುಣ ಕಾಣುತ್ತದೆ. ಹಳೆ ಸೀರೆಗಳನ್ನು ಪದರ ಪದರವಾಗಿಟ್ಟು ಹೊಲಿದ ನಮ್ಮ ಕೌದಿ ಇಂಥ ಕೆಲಸಕ್ಕೆ ಎಷ್ಟು ಒದಗುತ್ತದೆಂದರೆ, ಅದನ್ನು ನಾಲ್ಕು ಮಡಿಕೆ ಮಾಡಿ, ಸೋಫಾದಲ್ಲಿ ಕೂತವರ ತಲೆಯ ಹಿಂದಿನ ಗೋಡೆಗೆ, ಗೋಡೆಯಿಂದ ನಾಲ್ಕು ಬೆರಳು ಬಿಟ್ಟು ಕೋಲಿಗೆ ಇಳಿಬಿಟ್ಟರೆ ಚಪ್ಪಾಳೆಯ ಬಾಲ ಅಲ್ಲಿಯೇ ಮೊಂಡಾಗುತ್ತದೆ. ಕಿಟಕಿಗೆ ದಪ್ಪ ಪರದೆ. ಇವು ಯಾವುವೂ ಸಬ್‌ವೂಫರಿನ ಗುಡುಗನ್ನು ಮುಟ್ಟುವುದಿಲ್ಲ. 1,000 ಹರ್ಟ್ಸ್ ಅಲೆಯ ಉದ್ದ ಒಂದು ಅಡಿಗಿಂತ ಸ್ವಲ್ಪ ಹೆಚ್ಚು, 50 ಹರ್ಟ್ಸ್ ಅಲೆಯದು ಸುಮಾರು 7 ಮೀಟರ್; ಅದಕ್ಕೆ ಕೌದಿ ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ.

ಮೊಟ್ಟೆ ಟ್ರೇ ವಿಷಯವನ್ನು ಇಲ್ಲಿಯೇ ಮುಗಿಸಿಬಿಡೋಣ. ಸದ್ದನ್ನು ತಡೆಯಲು ತೂಕ ಬೇಕು, ಹೀರಲು ದಪ್ಪ ಬೇಕು. ಟ್ರೇಗೆ ಎರಡೂ ಇಲ್ಲ, ಬೆಂಕಿ ಹತ್ತಿದರೆ ಮಾತ್ರ ಚೆನ್ನಾಗಿ ಉರಿಯುತ್ತದೆ. ಮೇಲಿನ ಮನೆಗೆ ಹೋಗುವ ಸದ್ದು ಅದರಿಂದ ಎಳ್ಳಷ್ಟೂ ಕಡಿಮೆಯಾಗದು.

ಸೆಂಟರ್ ಸ್ಪೀಕರನ್ನು ಶೋಕೇಸಿನ ಗೂಡಿನೊಳಗೆ ಹಿಂದಕ್ಕೆ ತಳ್ಳಿಟ್ಟರೆ, ಕೊಡದೊಳಗೆ ಬಾಯಿಟ್ಟು ಮಾತನಾಡಿದ ಹಾಗೆ ಗಂಟಲು ದಪ್ಪವಾಗುತ್ತದೆ. ಅದರ ಮುಖ ಹಲಗೆಯ ಅಂಚಿಗೆ ಸಮವಾಗಿ, ಬೇಕಾದರೆ ಅರ್ಧ ಇಂಚು ಹೊರಗೇ ಬರುವಂತೆ ಎಳೆಯಿರಿ. ಮುಂದಿನ ಅಂಚಿನ ಕೆಳಗೆ, ಮಕ್ಕಳು ಪೆನ್ಸಿಲ್ ಅಳಿಸುವ ರಬ್ಬರ್ ಎರಡನ್ನು ಇಟ್ಟು, ಅದರ ಬಾಯಿ ನಿಮ್ಮ ಮೊಣಕಾಲಿಗಲ್ಲದೆ ಕಿವಿಗೆ ತಿರುಗುವಂತೆ ಮಾಡಿ. ಸುತ್ತಲಿನ ಸಂದಿಗೆ ಹಳೆ ಟವೆಲ್ ತುರುಕಬಹುದು. ಹಿಂಬದಿಯಲ್ಲಿ ಗಾಳಿಕಿಂಡಿ ಇದ್ದರೆ ಅದನ್ನು ಮಾತ್ರ ಮುಚ್ಚಬೇಡಿ. ಶೋಕೇಸಿನ ಗಾಜು, ಅದರೊಳಗಿನ ಬೊಂಬೆ, ಟ್ರೋಫಿ ನಡುಗುವ ಸದ್ದನ್ನೇ ‘ಸ್ಪೀಕರ್ ಹರಿದಿದೆ’ ಎಂದುಕೊಂಡು ನನ್ನನ್ನು ಕರೆಸಿದವರಿದ್ದಾರೆ.

ಮನೆಯವರು ಒಪ್ಪದ ಕೆಲಸವೆಂದರೆ ಸೋಫಾ ಸರಿಸುವುದು. ಆದರೂ ಹೇಳುತ್ತೇನೆ. ಗೋಡೆಗೆ ತಾಗಿ ಕೂತವರ ಕಿವಿಗೆ ಕೆಳಸ್ವರಗಳು ಉಬ್ಬಿ ಕೇಳಿಸುತ್ತವೆ, ಗೋಡೆಯ ಮೇಲೆಯೇ ಆ ಅಲೆಗಳ ಒತ್ತಡ ಹೆಚ್ಚು. ನಿಮ್ಮ 16 ಅಡಿ ಉದ್ದದಲ್ಲಿ ಸುಮಾರು 35 ಮತ್ತು 70 ಹರ್ಟ್ಸಿನ ಸ್ವರಗಳು ಗೋಡೆಯಿಂದ ಗೋಡೆಗೆ ನಿಂತುಬಿಡುತ್ತವೆ, 12 ಅಡಿ ಅಗಲದಲ್ಲಿ 47ರದ್ದು. ಹಾರ್ಮೋನಿಯಂನ ಕಪ್ಪು ಒಂದಕ್ಕೆ ಶ್ರುತಿ ಮಾಡಿದ ಗಂಡುದನಿಯ ತಂಬೂರಿಯ ಖರ್ಜ (ಕೆಳಗಿನ ಷಡ್ಜ) ಸುಮಾರು 69 ಹರ್ಟ್ಸ್ ಎಂದರೆ, ಈ ಭಾಗದವರಿಗೆ ಅದು ಯಾವ ಸ್ವರವೆಂದು ಬಿಡಿಸಿ ಹೇಳಬೇಕಿಲ್ಲ. ಮೊಬೈಲಿನ ಟೋನ್ ಆಪ್‌ನಿಂದ 70 ಹರ್ಟ್ಸನ್ನು ರಿಸೀವರಿಗೆ ಕಳಿಸಿ ಸಣ್ಣಗೆ ನುಡಿಸುತ್ತ ಹಾಲಿನುದ್ದಕ್ಕೂ ನಡೆದು ನೋಡಿ. ಒಂದು ಕಡೆ ಎದೆಗೆ ಗುದ್ದುತ್ತದೆ, ಎರಡು ಹೆಜ್ಜೆಯಾಚೆ ಮಾಯ. ಯಾವ ಸೆಟ್ಟಿಂಗೂ ಈ ಏರಿಳಿತವನ್ನು ಪೂರ್ತಿ ಅಳಿಸಲಾರದು, ಕೂರುವ ಜಾಗ ಬದಲಿಸಿ ತಪ್ಪಿಸಿಕೊಳ್ಳಬಹುದು ಅಷ್ಟೆ. ಸೋಫಾವನ್ನು ಎರಡೂವರೆ ಅಡಿ ಮುಂದಕ್ಕೆ ತಂದರೆ ಗುಂಯ್‌ಗುಡುವಿಕೆ ಇಳಿಯುತ್ತದೆ. ಟವರುಗಳು ಒಂದಕ್ಕೊಂದು ಒಂಬತ್ತು ಅಡಿ ದೂರದಲ್ಲಿದ್ದರೆ ಅವು ನಿಮ್ಮ ಎಡಬಲಕ್ಕೆ 23 ಡಿಗ್ರಿ ಕೋನದಲ್ಲಿ ಬರುತ್ತವೆ. 22ರಿಂದ 30 ಡಿಗ್ರಿ ಎಂಬುದು ಡಾಲ್ಬಿಯವರ ಸಲಹೆ. ಅಷ್ಟು ಜಾಗ ಬಿಡಲಾಗದಿದ್ದರೆ ಒಂದು ಅಡಿಯಾದರೂ ಬಿಟ್ಟು ಹಿಂದೆ ಕೌದಿ ಇಳಿಬಿಡಿ. ನಡೆಯುವ ದಾರಿ ಇಕ್ಕಟ್ಟಾಗುತ್ತದೆ ಎಂಬ ತಕರಾರು ಬರುತ್ತದೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ.

ಈಗ ನಿಮ್ಮ ನಂಬಿಕೆ ಕೆಡಿಸಿದ 6.7 ಮೀಟರ್. ರಿಸೀವರಿನ ಕೈಯಲ್ಲಿ ಟೇಪ್ ಇಲ್ಲ. ಅದು ಸದ್ದು ಬಿಟ್ಟು, ಮೈಕಿಗೆ ತಲುಪಲು ಎಷ್ಟು ಹೊತ್ತಾಯಿತು ಎಂದು ಎಣಿಸಿ, ಆ ಹೊತ್ತನ್ನು ಮೀಟರಿಗೆ ತಿರುಗಿಸಿ ಬರೆಯುತ್ತದೆ. ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಸಬ್‌ವೂಫರಿನ ಹೊಟ್ಟೆಯಲ್ಲಿ ಅದರದೇ ಆಂಪ್ಲಿಫೈಯರ್, ಅದರದೇ ಫಿಲ್ಟರುಗಳಿವೆ. ಅವುಗಳನ್ನು ದಾಟಿ ಬರುವಷ್ಟರಲ್ಲಿ ಸದ್ದು ತಡವಾಗುತ್ತದೆ. ನಿಮ್ಮಲ್ಲಿ ಹೆಚ್ಚು ಕಂಡ 2.4 ಮೀಟರ್ ಎಂದರೆ ಸುಮಾರು 7 ಮಿಲಿಸೆಕೆಂಡಿನ ತಡ. ಸಬ್ ತಡವಾಗಿ ಬರುತ್ತದೆ ಎಂದು ತಿಳಿದ ರಿಸೀವರ್ ಉಳಿದ ಸ್ಪೀಕರುಗಳನ್ನು ಅಷ್ಟೇ ಹೊತ್ತು ತಡೆದು, ಎಲ್ಲವೂ ಒಟ್ಟಿಗೆ ನಿಮ್ಮನ್ನು ಮುಟ್ಟುವಂತೆ ಮಾಡುತ್ತದೆ. ‘ತಪ್ಪು’ ಎಂದುಕೊಂಡು ನೀವು ಟೇಪಿನ ಲೆಕ್ಕದಂತೆ 4.3 ಎಂದು ತಿದ್ದಿದರೆ ಆ ಹೊಂದಿಕೆ ಮುರಿಯುತ್ತದೆ. 80 ಹರ್ಟ್ಸಿನ ಒಂದು ಅಲೆಗೆ ಹನ್ನೆರಡೂವರೆ ಮಿಲಿಸೆಕೆಂಡ್ ಬೇಕು. 7 ಮಿಲಿಸೆಕೆಂಡ್ ಹಿಂದೆ ಬಿದ್ದರೆ ಅರ್ಧ ಅಲೆಗಿಂತ ತುಸು ಹೆಚ್ಚು. ಟವರ್ ಗಾಳಿಯನ್ನು ಮುಂದಕ್ಕೆ ತಳ್ಳುವ ಹೊತ್ತಿಗೆ ಸಬ್ ಹಿಂದಕ್ಕೆ ಎಳೆಯುತ್ತಿರುತ್ತದೆ, ಎರಡೂ ಸೇರಿ ಡೊಳ್ಳಿನ ಏಟನ್ನೇ ನುಂಗಿಹಾಕುತ್ತವೆ. ಆದ್ದರಿಂದ ಸಬ್‌ವೂಫರಿನ ದೂರ ಹೆಚ್ಚು ತೋರಿದರೆ ಮುಟ್ಟಬೇಡಿ.

ಉಳಿದ ಐದು ಸ್ಪೀಕರುಗಳ ದೂರವನ್ನು ಮಾತ್ರ ಟೇಪ್ ಹಿಡಿದು ತಾಳೆ ನೋಡಿ. ಒಂದು ಗೇಣು ಆಚೀಚೆಯಾದರೆ ಬಿಟ್ಟುಬಿಡಿ. ಸಮದೂರದಲ್ಲಿರುವ ಎಡ ಟವರಿಗೂ ಬಲ ಟವರಿಗೂ ಒಂದು ಮೀಟರ್ ವ್ಯತ್ಯಾಸ ತೋರಿದರೆ ಮೈಕ್ ಏನನ್ನೋ ತಪ್ಪಾಗಿ ಕೇಳಿಸಿಕೊಂಡಿದೆ. ಬೇಸಿಗೆಗೊಮ್ಮೆ, ಚಳಿಗೊಮ್ಮೆ ದೂರ ತಿದ್ದಬೇಕೆಂಬ ಸಲಹೆಯನ್ನೂ ಕೇಳಿದ್ದೇನೆ. ಬಿಸಿಲಿಗೆ ಸದ್ದಿನ ವೇಗ ಏರುವುದು ನಿಜ, ಆದರೆ ಎಲ್ಲ ಸ್ಪೀಕರಿನ ಸದ್ದೂ ಅದೇ ಗಾಳಿಯಲ್ಲೇ ಬರುತ್ತದೆ, ಗೋಜಿಗೆ ಹೋಗಬೇಡಿ.

ಟವರುಗಳನ್ನು ‘ಸ್ಮಾಲ್’ ಎಂದು ಬದಲಿಸಿ. ಇಷ್ಟು ಎತ್ತರದ ಸ್ಪೀಕರನ್ನು ಸ್ಮಾಲ್ ಎನ್ನುವುದೇ ಎಂದು ಹಲವರಿಗೆ ಬೇಸರವಾಗುತ್ತದೆ. ಇಲ್ಲಿ ಸ್ಮಾಲ್ ಎಂದರೆ ‘ಕೆಳಸ್ವರಗಳನ್ನು ಇದಕ್ಕೆ ಕೊಡಬೇಡ, ಸಬ್‌ವೂಫರಿಗೆ ಕಳಿಸು’ ಎಂಬ ಅಪ್ಪಣೆ, ಅಷ್ಟೇ. ಲಾರ್ಜ್ ಎಂದಿಟ್ಟರೆ ಅತಿ ಕೆಳಗಿನ ಸ್ವರಗಳನ್ನೂ ಟವರೇ ನುಡಿಸಬೇಕು, ಅದಕ್ಕೆ ಬೇಕಾದ ವಿದ್ಯುತ್ತನ್ನೆಲ್ಲ ರಿಸೀವರೇ ಕೊಡಬೇಕು. ಆಗ ಹೊಡೆದಾಟದ ದೃಶ್ಯದಲ್ಲಿ ಅದಕ್ಕೆ ಉಸಿರು ಕಟ್ಟುತ್ತದೆ. ಆಟೋ ಸೆಟಪ್ ಲಾರ್ಜ್ ಎಂದದ್ದರಲ್ಲಿ ಮೋಸವಿಲ್ಲ; ಆ ಸ್ಪೀಕರಿನಿಂದ ಕೆಳಸ್ವರ ಮೈಕಿಗೆ ಸಿಕ್ಕಿತು, ಹಾಗೆ ಬರೆದುಕೊಂಡಿತು. ನಿರ್ಧಾರ ನಿಮ್ಮದು.

ಕ್ರಾಸ್‌ಓವರನ್ನು (ಯಾವ ಸ್ವರದಿಂದ ಕೆಳಗಿನದು ಸಬ್‌ವೂಫರಿಗೆ ಹೋಗಬೇಕೆಂಬ ಗಡಿಯನ್ನು) ಟವರ್ ಮತ್ತು ಸೆಂಟರಿಗೆ 80 ಹರ್ಟ್ಸಿನಲ್ಲಿ ಇಡಿ. ನಾಲ್ಕಿಂಚಿನ ಸಣ್ಣ ಸರೌಂಡುಗಳಿಗೆ 100 ಅಥವಾ 120. ಅದಕ್ಕಿಂತ ಮೇಲೇರಿಸುವ ಆಸೆ ಬೇಡ. ಗಂಡಸಿನ ಮಾತಿನ ಮೂಲಸ್ವರ ಸಾಮಾನ್ಯವಾಗಿ 85ರಿಂದ 180 ಹರ್ಟ್ಸ್ ನಡುವೆ ಇರುತ್ತದೆ. ಕ್ರಾಸ್‌ಓವರನ್ನು 150, 200ಕ್ಕೆ ಒಯ್ದರೆ ನಾಯಕನ ಬಾಯಿ ಪರದೆಯ ಮೇಲೆ, ಎದೆಯ ದನಿ ಮೂಲೆಯಲ್ಲಿ. ಸಬ್‌ವೂಫರಿನ ಬೆನ್ನಿನ ಮೇಲಿರುವ ಕ್ರಾಸ್‌ಓವರ್ ತಿರುಪನ್ನು ಗರಿಷ್ಠಕ್ಕೆ, ಇಲ್ಲವೇ ‘ಎಲ್‌ಎಫ್‌ಇ’ ಎಂಬಲ್ಲಿಗೆ ತಿರುಗಿಸಿ. ಒಂದೇ ಕೆಲಸವನ್ನು ಎರಡು ಕಡೆ ಮಾಡಿಸಬಾರದು. ಅದರ ವಾಲ್ಯೂಮ್ ಅರ್ಧಕ್ಕಿರಲಿ. ‘ಎಲ್‌ಎಫ್‌ಇ ಪ್ಲಸ್ ಮೇನ್’ ಅಥವಾ ‘ಡಬಲ್ ಬಾಸ್’ ಎಂಬ ಆಯ್ಕೆ ಕಂಡರೆ ಹತ್ತಿರ ಹೋಗಬೇಡಿ, ನಿಮ್ಮ ಹಾಲಿನಲ್ಲಿ ಗುಂಯ್‌ಗುಡಲು ಈಗಾಗಲೇ ಸಾಕಷ್ಟಿದೆ.

ಇಷ್ಟಾದ ಮೇಲೆ ಆಟೋ ಸೆಟಪ್ ಮತ್ತೊಮ್ಮೆ ಮಾಡಿ. ಮೊದಲ ಸಲ ನೀವು ಮೈಕನ್ನು ಎಲ್ಲಿಟ್ಟಿರಿ ಎಂದು ಬರೆದಿಲ್ಲ. ಸೋಫಾದ ಬೆನ್ನಿನ ಮೇಲೆ ಇಟ್ಟವರೇ ಹೆಚ್ಚು. ಅಲ್ಲಿ ರೆಕ್ಸಿನ್ನಿನಿಂದ ಚಿಮ್ಮಿದ ಸದ್ದೂ ಮೈಕಿಗೆ ಬೀಳುತ್ತದೆ. ಮೊಬೈಲ್ ಅಥವಾ ಕ್ಯಾಮೆರಾ ಟ್ರೈಪಾಡ್ ಒಂದನ್ನು ಬೇಡಿ ತಂದು, ನೀವು ಕೂತಾಗ ಕಿವಿ ಬರುವ ಎತ್ತರಕ್ಕೆ, ಮೈಕಿನ ತುದಿ ಚಾವಣಿಗೆ ಮುಖಮಾಡುವಂತೆ ನಿಲ್ಲಿಸಿ. ಎರಡನೆಯ, ಮೂರನೆಯ ಜಾಗ ಕೇಳಿದರೆ ಒಂದೆರಡು ಅಡಿಯೊಳಗೇ ಸರಿಸಿ; ಡೈನಿಂಗ್ ಟೇಬಲಿಗೂ ಒಂದು ಪಾಲು ಇರಲಿ ಎಂದು ಅಲ್ಲಿಗೆ ಒಯ್ಯಬೇಡಿ. ಫ್ಯಾನ್, ಏಸಿ, ಫ್ರಿಜ್ ಆರಿಸಿ. ಅಡುಗೆಮನೆಯ ಕುಕ್ಕರ್ ಸೀಟಿಯೊಂದು ಸಾಕು, ಲೆಕ್ಕವೆಲ್ಲ ಅಡ್ಡಾದಿಡ್ಡಿ. ನಿಮ್ಮದು ಮುಖ್ಯರಸ್ತೆಯ ಮಗ್ಗುಲಿನ ಮನೆಯಾದರೆ ಚಿಗರಿ ಬಸ್ಸುಗಳ ಓಡಾಟ ನಿಂತ ಮೇಲೆ ಮಾಡಿ. ಪರೀಕ್ಷೆಯ ಸದ್ದು ಜೋರಾಗಿರುತ್ತದೆ, ಮೇಲಿನವರಿಗೆ ಒಂದು ಮಾತು ಹೇಳಿಯೇ ಮಾಡಿ.

ಮುಗಿದ ಮೇಲೆ ಸಬ್‌ವೂಫರಿನ ಮಟ್ಟ ಎಷ್ಟಕ್ಕೆ ನಿಂತಿದೆ ನೋಡಿ. ಇಳಿಸಲು ಸಾಧ್ಯವಿರುವ ಕೊನೆಯ ಅಂಕಿಗೆ, ಉದಾಹರಣೆಗೆ ಮೈನಸ್ 12ಕ್ಕೆ ಬಂದು ನಿಂತಿದ್ದರೆ ಸಬ್‌ವೂಫರಿನ ತಿರುಪು ಹೆಚ್ಚಾಗಿದೆ ಎಂದು ಅರ್ಥ; ತಗ್ಗಿಸಿ ಮತ್ತೆ ಮಾಡಿ. ಯಂತ್ರವು ಸ್ಪೀಕರುಗಳನ್ನು ಮತ್ತೆ ಲಾರ್ಜ್ ಎಂದು ಬರೆದಿರಬಹುದು, ಅದನ್ನೊಂದು ಕೈಯಾರೆ ತಿದ್ದಿ. ಮಟ್ಟಗಳನ್ನು ಮೊಬೈಲಿನ ಡೆಸಿಬೆಲ್ ಆಪ್‌ನಿಂದ ಪರೀಕ್ಷಿಸುವವರಿದ್ದಾರೆ. ಐದು ಸ್ಪೀಕರುಗಳನ್ನು ಒಂದಕ್ಕೊಂದು ಹೋಲಿಸಲು ಅದು ನಡೆಯುತ್ತದೆ. ಸಬ್‌ವೂಫರಿಗೆ ನಡೆಯುವುದಿಲ್ಲ: ಮೊಬೈಲಿನ ಮೈಕ್ ಇರುವುದು ಮಾತಿಗಾಗಿ, ತೀರ ಕೆಳಸ್ವರ ಅದಕ್ಕೆ ಸರಿಯಾಗಿ ಕೇಳಿಸದು. ಅದನ್ನು ನಂಬಿ ಸಬ್ ಏರಿಸುತ್ತ ಹೋದರೆ ಮೇಲಿನವರು ಮತ್ತೆ ಇಳಿದು ಬರುತ್ತಾರೆ.

ಕಿವಿಯಿಂದಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ರಿಸೀವರನ್ನು ಬರಿಯ ಸ್ಟೀರಿಯೊಕ್ಕೆ ಹಾಕಿ, ನಮ್ಮ ಹುಬ್ಬಳ್ಳಿಯ ಗಂಗೂಬಾಯಿ ಹಾನಗಲ್ ಅವರ ಯಾವುದಾದರೂ ಹಳೆಯ ಧ್ವನಿಮುದ್ರಣ ಹಚ್ಚಿ, ಎರಡು ಟವರುಗಳಿಗೂ ಸಮನಾಗಿ ಕೂತುಕೊಳ್ಳಿ. ಆ ಗಂಭೀರ ದನಿ ಟಿವಿಯ ನಟ್ಟನಡುವೆ, ಗಟ್ಟಿಯಾಗಿ ನಿಲ್ಲಬೇಕು. ಎಲ್ಲಿಂದ ಬರುತ್ತಿದೆ ಎಂದು ತಿಳಿಯದೆ ಹಾಲಿನ ತುಂಬ ಹರಡಿ, ಕೆಳದನಿ ಸೊರಗಿದ್ದರೆ, ಒಂದು ಟವರಿನ ಕೆಂಪು-ಕಪ್ಪು ತಂತಿ ಅದಲುಬದಲಾಗಿದೆ ಎಂದೇ ಮೊದಲ ಅನುಮಾನ. ಜೋಡಿಸಿದ ಹುಡುಗರು ಅವಸರದಲ್ಲಿದ್ದಿರಬಹುದು, ಆದ್ದರಿಂದ ಆರೂ ಸಂಪರ್ಕಗಳನ್ನು ಒಮ್ಮೆ ನೋಡಿಬಿಡಿ.

ಇಷ್ಟೆಲ್ಲ ಆದ ಮೇಲೂ ಮಾತಿಗೂ ಸ್ಫೋಟಕ್ಕೂ ಅಂತರ ಉಳಿಯುತ್ತದೆ, ಅದು ಚಿತ್ರದಲ್ಲೇ ಇರುವಂಥದ್ದು. ಥಿಯೇಟರಿನ ದೊಡ್ಡ ಹಾಲಿಗಾಗಿ ಮಾಡಿದ ಮಿಶ್ರಣವನ್ನು ನಾವು ರಾತ್ರಿ ಹತ್ತು ಗಂಟೆಗೆ ಮನೆಯಲ್ಲಿ ಕೇಳುತ್ತಿದ್ದೇವೆ. ಇಲ್ಲಿ ನಿಮಗೆ ಎರಡು ದಾರಿ. ಸೆಂಟರ್ ಮಟ್ಟವನ್ನು 2 ಅಥವಾ 3 ಡೆಸಿಬೆಲ್ ಏರಿಸುವುದು ಮೊದಲನೆಯದು. ಇದರಿಂದ ಮಾತು ಮುಂದೆ ಬರುತ್ತದೆ. 5, 6ಕ್ಕೆ ಒಯ್ದರೆ ಎಡಬಲದ ಹರವು ಕುಗ್ಗಿ ಎಲ್ಲವೂ ನಡುವೆ ಗುಡ್ಡೆಯಾಗುತ್ತದೆ. ಎರಡನೆಯದು ‘ನೈಟ್ ಮೋಡ್’, ‘ಡೈನಾಮಿಕ್ ರೇಂಜ್ ಕಂಪ್ರೆಷನ್’ ಅಥವಾ ‘ಡೈನಾಮಿಕ್ ವಾಲ್ಯೂಮ್’ ಎಂದು ಬೇರೆ ಬೇರೆ ಹೆಸರಿನಲ್ಲಿ ಸಿಗುವ ಸೌಲಭ್ಯ. ಅದು ಮೆತ್ತನೆಯದನ್ನು ಏರಿಸಿ, ಜೋರಾದದ್ದನ್ನು ಅದುಮುತ್ತದೆ. ಸಂಗೀತಕ್ಕೆ ಅದು ಅನ್ಯಾಯ, ಹಾಡಿನ ಏರಿಳಿತವನ್ನೇ ಇಸ್ತ್ರಿ ಹೊಡೆದುಬಿಡುತ್ತದೆ. ಶುದ್ಧತೆಯ ಹೆಸರಿನಲ್ಲಿ ಅದನ್ನು ಮುಟ್ಟಲೇಬಾರದು ಎನ್ನುವ ಪಂಗಡವೊಂದಿದೆ. ಆ ಪಂಗಡದವರ ಮನೆಯಲ್ಲಿ ಬೆಚ್ಚಿಬೀಳುವ ಅವ್ವ ಇರಲಿಕ್ಕಿಲ್ಲ. ರಾತ್ರಿ ಸಿನಿಮಾಕ್ಕೆ ಹಾಕಿ, ಬೆಳಿಗ್ಗೆ ಹಾಡಿಗೆ ತೆಗೆಯಿರಿ.

ಮೇಲಿನ ಮನೆಯವರನ್ನು ತಲುಪುತ್ತಿರುವುದು ಬಹುತೇಕ ಸಬ್‌ವೂಫರ್ ಒಂದೇ. ಮೂಲೆಯಲ್ಲಿಟ್ಟ ಸಬ್ ಹಾಲಿನ ಎಲ್ಲ ನಿಂತ ಅಲೆಗಳನ್ನೂ ಎಬ್ಬಿಸುತ್ತದೆ. ಅದಕ್ಕೆ ಬೇರೆ ಜಾಗ ಹುಡುಕಲು ಒಂದು ಉಪಾಯವಿದೆ, ನೋಡಲು ಮಾತ್ರ ಚೆಂದವಿಲ್ಲ. ಸಬ್‌ವೂಫರನ್ನೇ ಎತ್ತಿ ನೀವು ಕೂರುವ ಸೋಫಾದ ಮೇಲಿಡಿ. ಕೆಳಸ್ವರ ಬಿಡದೆ ಬರುವ ಹಾಡು ಹಚ್ಚಿ, ಗೋಡೆಯ ಗುಂಟ ಅಂಬೆಗಾಲಿಕ್ಕುತ್ತ ಕೇಳುತ್ತ ಹೋಗಿ. ಎಲ್ಲಿ ಎಲ್ಲ ಸ್ವರಗಳೂ ಉಬ್ಬದೆ, ಬತ್ತದೆ, ಒಂದೇ ಸಮ ಕೇಳಿಸುತ್ತವೆಯೋ ಅದೇ ಸಬ್‌ವೂಫರಿನ ಜಾಗ. ಮನೆಯಲ್ಲಿ ಯಾರೂ ಇಲ್ಲದ ಹೊತ್ತು ಮಾಡಿದರೆ ಮರ್ಯಾದೆ. ಒಳ್ಳೆಯ ಜಾಗ ಸಿಕ್ಕರೆ ಮಟ್ಟವನ್ನು 3 ಡೆಸಿಬೆಲ್ ಇಳಿಸಿದರೂ ಕೊರತೆ ಅನಿಸುವುದಿಲ್ಲ. ಕೆಳಗೆ ದಪ್ಪ ರಬ್ಬರ್ ಹಾಳೆ ಹಾಕಿದರೆ ನೆಲಕ್ಕೆ ಇಳಿಯುವ ನಡುಕ ಕಡಿಮೆಯಾಗಿ ಕೆಳಮನೆಯವರಿಗೆ ಉಪಕಾರವಾಗುತ್ತದೆ. ಗಾಳಿಯಲ್ಲಿ ಹೋಗಿ ಸ್ಲ್ಯಾಬನ್ನು ನಡುಗಿಸುವುದಕ್ಕೆ ರಾತ್ರಿ ಸದ್ದು ಇಳಿಸುವುದರ ಹೊರತು ಅಗ್ಗದ ಮದ್ದಿಲ್ಲ.

ಹೆಚ್ಚು ವ್ಯಾಟಿನ ಆಂಪ್ಲಿಫೈಯರ್ ಬಗ್ಗೆ: ವ್ಯಾಟ್ ಇಮ್ಮಡಿಯಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಇಮ್ಮಡಿ ಅನಿಸಬೇಕಾದರೆ ಸುಮಾರು ಹತ್ತು ಪಟ್ಟು ಬೇಕು. ನಿಮಗೆ ಸದ್ದಿನ ಕೊರತೆಯೇ ಇಲ್ಲದಿರುವಾಗ ಅದಕ್ಕೆ ಹಣ ಏಕೆ? ಪೆಟ್ಟಿಗೆಯ ಮೇಲೆ ‘ಪಿಎಂಪಿಒ’ ಎಂದು ಸಾವಿರಗಟ್ಟಲೆ ವ್ಯಾಟ್ ಬರೆದಿದ್ದರೆ ಅದು ಓದಿ ನಗುವುದಕ್ಕೆ, ‘ಆರ್‌ಎಂಎಸ್’ ಅಂಕಿಯನ್ನಷ್ಟೇ, ಅಂದರೆ ಸತತವಾಗಿ ಕೊಡಬಲ್ಲ ವ್ಯಾಟನ್ನಷ್ಟೇ ನೋಡಿ. ಸೆಂಟರ್ ಸ್ಪೀಕರ್ ಬದಲಿಸುವ ಮಾತು ಬರುವುದು, ಅದು ನಿಮ್ಮ ಟವರುಗಳ ಕಂಪನಿಯದೇ, ಅದೇ ಸರಣಿಯದೇ ಆಗಿರದೆ, ಪರದೆಯ ಎಡದಿಂದ ಬಲಕ್ಕೆ ನಡೆದುಹೋಗುವ ಮನುಷ್ಯನ ದನಿಯ ಬಣ್ಣ ನಡುವೆ ಬದಲಾಗುತ್ತಿದ್ದರೆ. ಆಗಲೂ ಟವರಿಗೆ ಹೊಂದುವ ಸೆಂಟರ್ ಕೊಳ್ಳಿ, ದೊಡ್ಡದು ಎಂಬ ಕಾರಣಕ್ಕೆ ಕೊಳ್ಳಬೇಡಿ.

ಸರೌಂಡುಗಳನ್ನು ಕಡೆಗೆ ಇಟ್ಟುಕೊಂಡದ್ದು, ಅವುಗಳಿಗೆ ಗೋಡೆ ಕೊರೆಯಬೇಕಾಗುತ್ತದೆ ಎಂಬ ಕಾರಣಕ್ಕೆ. ಈಗಿರುವಲ್ಲಿ ಅವು ಎತ್ತರವಾದವು. 5.1ರಲ್ಲಿ ಅವು ಕೂತವರ ಕಿವಿಗಿಂತ ಸುಮಾರು ಎರಡು ಅಡಿ ಮೇಲೆ, ಅಂದರೆ ನೆಲದಿಂದ ಐದೂವರೆ ಅಡಿಯೊಳಗೆ, ಎಡಬಲದ ಗೋಡೆಗಳ ಮೇಲೆ, ಕಿವಿಗೆ ತುಸು ಹಿಂದಕ್ಕೆ ಇರಬೇಕು. ಸೋಫಾ ಎರಡೂವರೆ ಅಡಿ ಮುಂದೆ ಬಂದರೆ ನಿಮ್ಮ 12 ಅಡಿ ಅಗಲಕ್ಕೆ ಆ ಜಾಗ ಕಿವಿಯಿಂದ ಎರಡು ಅಡಿ ಹಿಂದೆ ಬೀಳುತ್ತದೆ. ಡ್ರಿಲ್ ತರುವ ಮುನ್ನ ಎರಡು ಎತ್ತರದ ಸ್ಟೂಲುಗಳ ಮೇಲಿಟ್ಟು ನಾಲ್ಕಾರು ದಿನ ಕೇಳಿ. ವ್ಯತ್ಯಾಸ ಹಿಡಿಸದಿದ್ದರೆ ಈಗಿರುವ ಮೊಳೆಯಲ್ಲೇ ಬಿಟ್ಟು, ಮುಖವನ್ನು ಮಾತ್ರ ಸೋಫಾದ ಕಡೆಗೆ ಕೆಳಕ್ಕೆ ಬಾಗಿಸಿ. ಜಾಗ ಬದಲಿಸಿದರೆ ಆಟೋ ಸೆಟಪ್ ಇನ್ನೊಮ್ಮೆ ಮಾಡಲೇಬೇಕು, ಆ ಅಂಕಿಗಳ ಫೋಟೊವನ್ನೂ ಮೊಬೈಲಿನಲ್ಲಿ ಇಟ್ಟುಕೊಳ್ಳಿ. ತಂತಿ ಬಿಚ್ಚುವಾಗ ರಿಸೀವರಿನ ಪ್ಲಗ್ಗನ್ನೇ ಕಿತ್ತಿಡಿ. ಮರಳಿ ಜೋಡಿಸುವಾಗ ತಾಮ್ರದ ಒಂದು ಎಳೆ ಕೂಡ ಪಕ್ಕದ ಕೊಂಡಿಗೆ ತಾಗದಂತೆ ಹೊಸೆದು ಬಿಗಿಯಿರಿ.